ಬಿಚ್ಚಲೆಂದೇ ಹಾಕಿದ ಹೊಲಿಗೆ

ಎರಡು ವರ್ಷದ ಹಿಂದೆ ನನಗೊಂದು ಅನುವಾದದ ಕೆಲಸ ಬಂತು. ಕರಾವಳಿಯ ಹುಡುಗರಿಗೆ ಪ್ಲೈವುಡ್‌ನಲ್ಲಿ ಸಣ್ಣ ದೋಣಿ ಕಟ್ಟುವುದನ್ನು ಕಲಿಸುವ ಕೈಪಿಡಿ, ಇಂಗ್ಲಿಷಿನಿಂದ ಕನ್ನಡಕ್ಕೆ, ನಲವತ್ತು ಪುಟ. ನಾನಿರುವುದು ಚೆನ್ನೈಯಲ್ಲಿ, ಹುಟ್ಟಿ ಬೆಳೆದದ್ದು ಬಯಲುಸೀಮೆಯಲ್ಲಿ. ದೋಣಿ ಹತ್ತಿದ್ದೇ ಜೀವನದಲ್ಲಿ ನಾಲ್ಕೈದು ಸಲ. ಆದರೂ ಬ್ಯಾಂಕಿನ ಷರತ್ತು, ಔಷಧಿಯ ಚೀಟಿ, ಮಿಕ್ಸರ್ ಬಳಸುವ ವಿಧಾನ ಎಲ್ಲವನ್ನೂ ಅನುವಾದಿಸಿದ ಧೈರ್ಯದಲ್ಲಿ ಒಪ್ಪಿಕೊಂಡೆ.

ಹನ್ನೊಂದನೇ ಪುಟದಲ್ಲಿ ಮುಖ್ಯವಾದ ಮಾತು ಬರುತ್ತಿತ್ತು. ಹಲಗೆಗಳನ್ನು ತಂತಿಯಿಂದ ಹೊಲಿಯಿರಿ, ಸಂದಿಗೆ ಅಂಟು ತುಂಬಿರಿ, ಅಂಟು ಗಟ್ಟಿಯಾದ ಮೇಲೆ ಹೊಲಿಗೆ ಬಿಚ್ಚಿ ತೆಗೆಯಿರಿ. ನಾನು ಹಾಗೆಯೇ ಬರೆದೆ. ಕರಡು ಕುಂದಾಪುರದ ಕಡೆಯ ಒಬ್ಬ ಹಿರಿಯರ ಕೈಗೆ ಹೋಯಿತು. ನಲವತ್ತು ವರ್ಷ ಮರದ ದೋಣಿ ಕಟ್ಟಿದ ಬಡಗಿ ಅವರು. ಕರಡು ವಾಪಸು ಬಂದಾಗ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಇತ್ತು: "ಹೊಲಿಗೆ ಬಿಚ್ಚಿದ ಮೇಲೆ ದೋಣಿ ಎಲ್ಲಿ ಉಳೀತು ಮಾರಾಯ್ರೆ?"

ಮೊದಲು ನಕ್ಕೆ. ಆಮೇಲೆ ನೋಡಿದರೆ ಆ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಈ ಪ್ರಬಂಧ ಆ ಉತ್ತರವನ್ನು ಹುಡುಕಿದ ಕತೆ.

ಅವರ ಲೋಕದಲ್ಲಿ ಆ ಪ್ರಶ್ನೆ ಸಹಜವಾದದ್ದು. ಅರಬ್ಬೀ ಸಮುದ್ರದ ಎರಡೂ ದಡಗಳಲ್ಲಿ ಹಲಗೆಯ ದೋಣಿ ಎಂದರೆ ಬಹುಕಾಲ ಹೊಲಿದದ್ದೇ. ಒಂದನೇ ಶತಮಾನದ ಗ್ರೀಕ್ ವ್ಯಾಪಾರಿಯ ಕೈಪಿಡಿ 'ಪೆರಿಪ್ಲಸ್'ನಲ್ಲೇ ಹೊಲಿದ ದೋಣಿಗಳ ಮಾತು ಬರುತ್ತದೆ. ಹಲಗೆಯ ಅಂಚಿಗೆ ಅಂಚು ಕೂಡಿಸಿ, ಉದ್ದಕ್ಕೂ ತೂತು ಕೊರೆದು, ಸಂದಿಯ ಮೇಲೆ ತೆಂಗಿನ ನಾರಿನ ಸಿಂಬಿ ಒತ್ತಿ, ಕತ್ತದ ಹಗ್ಗದಿಂದ ಬಿಗಿದು ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಇಲ್ಲ. ಹದಿಮೂರನೇ ಶತಮಾನದ ಕೊನೆಯಲ್ಲಿ ಹೊರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೋ ಇವು ತೀರಾ ಕಳಪೆ ಎಂದು ಬರೆದ. ಮುಂದಿನ ಶತಮಾನದಲ್ಲಿ ಬಂದ ಇಬ್ನ್ ಬತೂತನ ಅಭಿಪ್ರಾಯ ಬೇರೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂದ. ಒಬ್ಬ ವೆನಿಸ್ಸಿನವ, ಇನ್ನೊಬ್ಬ ಹೊಲಿದ ಹಡಗಿನಲ್ಲಿ ನಿಜಕ್ಕೂ ಓಡಾಡಿದವ. ಯಾರನ್ನು ನಂಬಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ.

ನಾನಿರುವ ಊರಿನಲ್ಲೇ ಇದಕ್ಕೆ ಸಾಕ್ಷಿ ಇತ್ತು. ಮದ್ರಾಸಿಗೆ ಬಂದರು ಆಗುವ ಮೊದಲು ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನರನ್ನೂ ಸಾಮಾನನ್ನೂ ದಡಕ್ಕೆ ತರುತ್ತಿದ್ದದ್ದು ಮಸುಲಾ ದೋಣಿಗಳು. ಪಕ್ಕೆಲುಬಿನಂಥ ಅಡ್ಡಮರಗಳೇ ಇಲ್ಲದೆ, ಬರಿಯ ಹಲಗೆ ಮತ್ತು ಕತ್ತದಿಂದ ಆದ ದೋಣಿ. ಅಲೆ ಎತ್ತಿ ಮರಳಿಗೆ ಕುಕ್ಕಿದಾಗ ಬುಟ್ಟಿಯ ಹಾಗೆ ಅದುಮಿಕೊಂಡು ಮತ್ತೆ ಆಕಾರಕ್ಕೆ ಬರುತ್ತಿತ್ತು. ಹಗ್ಗ ಕೊಳೆತಾಗ ಬಿಚ್ಚಿ ಹೊಸ ಹಗ್ಗದಲ್ಲಿ ಹೊಲಿದರಾಯಿತು, ಅವೇ ಹಲಗೆಗಳು, ಅವೇ ತೂತುಗಳು. ಅಂದರೆ ಇಲ್ಲಿ ಹೊಲಿಗೆಯೇ ದೋಣಿ, ಹಲಗೆ ಅದಕ್ಕೆ ಬಟ್ಟೆ. ಬಿಚ್ಚಿದರೆ ಉಳಿಯುವುದು ಮರದ ರಾಶಿ.

ಹಾಗಾದರೆ ಬಿಚ್ಚಿ ಬಿಸಾಡುವ ಹೊಲಿಗೆ ಎಲ್ಲಿಂದ ಬಂತು?

ಅದು ತಿಳಿಯಬೇಕಾದರೆ ಪ್ಲೈವುಡ್ಡಿನ ಅಂಟಿನಿಂದ ಶುರುಮಾಡಬೇಕು. ಮರದ ತೆಳು ಪದರಗಳನ್ನು ಒಂದರ ನಾರಿಗೆ ಇನ್ನೊಂದರ ನಾರು ಅಡ್ಡ ಬರುವಂತೆ ಅಂಟಿಸಿದರೆ ಹಲಗೆ ಸೀಳುವುದಿಲ್ಲ, ಸೊಟ್ಟಗಾಗುವುದೂ ಕಡಿಮೆ. ಈ ಉಪಾಯ ಹಳೆಯದು. ಆದರೆ ಹಳೆಯ ಅಂಟುಗಳು ನೀರಿಗೆ ಹೆದರುತ್ತಿದ್ದವು. 1937ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿ ಏರೋಲೈಟ್ ಎಂಬ ಕೃತಕ ರಾಳದ ಅಂಟನ್ನು ತಯಾರಿಸಿದ. ಎರಡನೇ ಮಹಾಯುದ್ಧದ ಮಸ್ಕಿಟೋ ಎಂಬ ಮರದ ವಿಮಾನ ಮೊದಲಿಗೆ ಹಾಲಿನ ಕೇಸಿನ್ನಿನಿಂದ ಮಾಡಿದ ಅಂಟಿನಲ್ಲಿ ನಿಂತಿತ್ತು, ಆಮೇಲೆ ಈ ಹೊಸ ಅಂಟಿಗೆ ಬದಲಾಯಿತು. 1944ರಲ್ಲಿ ಭಾರತದಲ್ಲಿದ್ದ ಮಸ್ಕಿಟೋಗಳ ರೆಕ್ಕೆಯ ಸಂದುಗಳು ಬಿಟ್ಟುಕೊಂಡು, ಅವನ್ನು ಕೆಲಕಾಲ ಹಾರಿಸದೆ ನಿಲ್ಲಿಸಬೇಕಾಯಿತು. ತಪ್ಪು ನಮ್ಮ ಹವೆಯದೋ ಅಲ್ಲಿನ ಜೋಡಣೆಯದೋ ಎಂಬ ವಾದ ಆಗಲೇ ಹುಟ್ಟಿತು. ಹಲಗೆ ಎಷ್ಟೇ ಗಟ್ಟಿಯಿರಲಿ, ಕೈ ಕೊಡುವುದು ಸಂದಿಯಲ್ಲಿ.

ಯುದ್ಧ ಮುಗಿದ ಮೇಲೆ ನೀರಿಗೆ ತಡೆಯುವ ಪ್ಲೈವುಡ್ ಸಾಮಾನ್ಯ ಜನರ ಕೈಗೆ ಸಿಕ್ಕಿತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆ. ದೋಣಿಗಳ ಅಳತೆಯನ್ನೇ ಆ ಹಾಳೆ ನಿರ್ಧರಿಸತೊಡಗಿತು. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ಆಪ್ಟಿಮಿಸ್ಟ್ ದೋಣಿಯ ಉದ್ದ ಏಳಡಿ ಒಂಬತ್ತು ಇಂಚು. ಎಂಟಡಿಯ ಹಾಳೆಯಲ್ಲಿ ಮುಗಿಯಬೇಕಲ್ಲ! ಇವತ್ತಿಗೂ ಲೋಕದ ಮಕ್ಕಳು ಹಾಯಿ ಕಲಿಯುವುದು ಅದರಲ್ಲೇ.

ಆದರೆ ಮನೆಯಲ್ಲಿ ದೋಣಿ ಕಟ್ಟಲು ಹೊರಟವರಿಗೆ ಒಂದು ಜಾಗದಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದು ತಳದ ಹಲಗೆಯೂ ಪಕ್ಕದ ಹಲಗೆಯೂ ಸೇರುವ ಮೂಲೆ. ಆರು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನ ಅಂಚಿಗೆ ಮೊಳೆ ಹೊಡೆದರೆ ಪದರ ಬಿಡುತ್ತದೆ, ಸ್ಕ್ರೂ ಹಾಕಲು ಮಾಂಸವೇ ಇಲ್ಲ. ಹಾಗಾಗಿ ಮೂಲೆಯ ಒಳಗೆ ಉದ್ದಕ್ಕೂ ಒಂದು ಮರದ ರೀಪು ಕೂರಿಸಿ, ಎರಡೂ ಹಲಗೆಗಳನ್ನು ಅದಕ್ಕೆ ಬಿಗಿಯುತ್ತಿದ್ದರು. ಕೇಳಲು ಸುಲಭ. ಆದರೆ ದೋಣಿಯ ಮೂಲೆ ಪೆಟ್ಟಿಗೆಯ ಮೂಲೆಯಲ್ಲ. ನಡುವೆ ಒಂದು ಕೋನ, ಮೂತಿಯ ಹತ್ತಿರ ಬರುತ್ತ ಇನ್ನೊಂದು, ಅಂಗುಲ ಅಂಗುಲಕ್ಕೂ ಬದಲಾಗುತ್ತ ಹೋಗುತ್ತದೆ. ಆ ರೀಪನ್ನು ಅಷ್ಟೇ ಓರೆಯಾಗಿ, ಓರೆಯನ್ನು ಬದಲಿಸುತ್ತ ಕೀಸುಳಿಯಿಂದ ಹೆರೆಯಬೇಕು. ಕೂದಲೆಳೆಯಷ್ಟು ತಪ್ಪಿದರೂ ನೀರು ದಾರಿ ಹುಡುಕುತ್ತದೆ. ಬಡಗಿ ಇದನ್ನು ಕಣ್ಣಳತೆಯಲ್ಲಿ ಮಾಡುತ್ತಾನೆ, ಆ ಕಣ್ಣು ಬರಲು ಹತ್ತು ವರ್ಷ ಬೇಕು. ಭಾನುವಾರ ಮಾತ್ರ ಬಿಡುವಿರುವ ಗುಮಾಸ್ತ ಏನು ಮಾಡಬೇಕು?

ಈ ಮೂಲೆಯನ್ನು ಬಿಡಿಸಿದವರು ಕೆನ್ ಲಿಟಲ್‌ಡೈಕ್, ಇಂಗ್ಲೆಂಡಿನ ಒಬ್ಬ ಮೇಷ್ಟ್ರು. 1960ರ ಆಸುಪಾಸಿನಲ್ಲಿ ಅವರು ಸಣ್ಣ ಕಯಾಕ್‌ಗಳನ್ನು ಕಟ್ಟುವಾಗ ರೀಪನ್ನೇ ಕೈಬಿಟ್ಟರು. ಹಲಗೆಗಳ ಅಂಚಿನಲ್ಲಿ ತೂತು ಮಾಡಿ, ಮೀನು ಹಿಡಿಯುವ ಗಾಳದ ದಾರದಿಂದ ಹೊಲಿದು, ಸಂದಿಯ ಮೇಲೆ ಫೈಬರ್‌ಗ್ಲಾಸಿನ ಪಟ್ಟಿಯನ್ನು ಪಾಲಿಯೆಸ್ಟರ್ ರಾಳದಿಂದ ಅಂಟಿಸಿದರು. ರಾಳ ಗಟ್ಟಿಯಾದಾಗ ಆ ಪಟ್ಟಿಯೇ ಮೂಲೆಯಾಯಿತು. ಕೋನ ಎಷ್ಟಾದರೂ ಇರಲಿ, ಎಷ್ಟು ಸಲವಾದರೂ ಬದಲಾಗಲಿ, ಒದ್ದೆ ಪಟ್ಟಿ ಅದಕ್ಕೆ ಹೊಂದಿಕೊಂಡು ಕೂರುತ್ತದೆ. ಓರೆ ಹೆರೆಯುವ ಕೆಲಸವೇ ಇಲ್ಲ. ಹತ್ತು ವರ್ಷದ ಕಣ್ಣಿನ ಕೆಲಸವನ್ನು ಒಂದು ಡಬ್ಬಿ ರಾಳ ಮಾಡಿತು.

ಇದನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ಪತ್ರಿಕೆ ಮತ್ತು ಒಬ್ಬ ಟೀವಿ ನಿರೂಪಕ. ಬ್ಯಾರಿ ಬಕ್ನೆಲ್ ಆಗ ಬಿಬಿಸಿಯಲ್ಲಿ ಮನೆಗೆಲಸವನ್ನು ನಾವೇ ಮಾಡಿಕೊಳ್ಳುವುದು ಹೇಗೆಂದು ತೋರಿಸುತ್ತಿದ್ದವರು. 1962ರಲ್ಲಿ ಲಂಡನ್ನಿನ ಈಲಿಂಗ್‌ನ ಒಂದು ಪಾಳುಮನೆಯನ್ನು ವಾರವಾರವೂ ಕ್ಯಾಮೆರಾ ಎದುರೇ ದುರಸ್ತಿ ಮಾಡಿದರು. ಹಳೆಯ ಚಂದದ ಕೆತ್ತನೆಯ ಬಾಗಿಲುಗಳ ಮೇಲೆ ಹಾರ್ಡ್‌ಬೋರ್ಡ್ ಬಡಿಯಲು ದೇಶಕ್ಕೇ ಕಲಿಸಿದವರೆಂಬ ಅಪಖ್ಯಾತಿಯೂ ಅವರಿಗಿದೆ. ದೋಣಿಯ ವಿಷಯದಲ್ಲಿ ಆ ಪಾಪ ತೊಳೆದುಹೋಯಿತು ಎನ್ನಬಹುದು. ಅವರ ಮಾದರಿಯನ್ನು ತಿದ್ದಿ ಹಾಯಿದೋಣಿಯಾಗಿ ಹದಕ್ಕೆ ತಂದವರು ಜ್ಯಾಕ್ ಹೋಲ್ಟ್. 1947ರಲ್ಲೇ ಮಕ್ಕಳಿಗೆ ಕೆಡೆಟ್ ಎಂಬ ಪ್ಲೈವುಡ್ ದೋಣಿ ಮಾಡಿದ್ದ ನುರಿತ ಕೈ. ಹಿಂದೆ ನಿಂತದ್ದು 'ಡೈಲಿ ಮಿರರ್', ಕೂಲಿಕಾರರ, ಗುಮಾಸ್ತರ ಪತ್ರಿಕೆ. ಆ ದಶಕದ ನಡುವೆ ಅದರ ಪ್ರಸಾರ 50 ಲಕ್ಷ ಮುಟ್ಟಿತ್ತು.

1963ರ ಜನವರಿಯಲ್ಲಿ ಲಂಡನ್ ಬೋಟ್ ಷೋನಲ್ಲಿ ಮಿರರ್ ಡಿಂಗಿ ಕಾಣಿಸಿಕೊಂಡಿತು. ಹತ್ತಡಿ ಹತ್ತಿಂಚು ಉದ್ದ, 45 ಕಿಲೋ ತೂಕ, ಪತ್ರಿಕೆಯ ಬಣ್ಣದ್ದೇ ಕೆಂಪು ಹಾಯಿ, ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಹೋಗಬಹುದಾದದ್ದು. ಕತ್ತರಿಸಿದ ಹಲಗೆಗಳೆಲ್ಲ ಸೇರಿದ ಗಂಟಿಗೆ 63 ಪೌಂಡ್ 11 ಷಿಲಿಂಗ್. ಹಾಯಿದೋಣಿ ಎಂದರೆ ಕ್ಲಬ್ಬು, ಬ್ಲೇಜರು, ಅಪ್ಪನ ಹಣ ಎಂದಿದ್ದ ದೇಶದಲ್ಲಿ ಜನ ಗ್ಯಾರೇಜಿನಲ್ಲಿ, ಹಿತ್ತಲಿನಲ್ಲಿ, ಕೆಲವರು ಮನೆಯ ನಡುಕೋಣೆಯಲ್ಲೇ ಅದನ್ನು ಹೊಲಿದು ಮುಗಿಸಿದರು. ಇಲ್ಲಿಯವರೆಗೆ 70 ಸಾವಿರಕ್ಕೂ ಹೆಚ್ಚು ಆಗಿವೆ. ಎ. ಜೆ. ಮೆಕಿನನ್ ಎಂಬ ಮೇಷ್ಟ್ರು ತೊಂಬತ್ತರ ದಶಕದ ಕೊನೆಯಲ್ಲಿ ಇಂಥದೇ ಒಂದು ಹಳೆಯ ಮಿರರ್‌ನಲ್ಲಿ ಕೂತು ಇಂಗ್ಲೆಂಡಿನಿಂದ ಕಪ್ಪು ಸಮುದ್ರದವರೆಗೆ ಹೋದರು. ಹಿತ್ತಲಿನ ಸಂದುಗಳು ಅಷ್ಟು ದೂರ ತಡೆದವು.

ಮಿರರ್‌ನಲ್ಲಿ ಗಾಳದ ದಾರದ ಬದಲು ತಾಮ್ರದ ತಂತಿ. ತೂತಿನಲ್ಲಿ ತೂರಿಸಿ ಹೊರಗಡೆ ತಿರುಚಿದರೆ ಬಿಗಿ ಹೆಚ್ಚುಕಡಿಮೆ ಮಾಡಬಹುದು. ಒಳಸಂದಿಗೆ ಪಟ್ಟಿ ಅಂಟಿಸಿದ ಮೇಲೆ ದೋಣಿಯನ್ನು ಬೋರಲು ಹಾಕಿ, ಹೊರಗೆ ಚಾಚಿದ ತಂತಿಯನ್ನು ಕತ್ತರಿಸಿ, ಅಂಚು ಉಜ್ಜಿ, ಹೊರಗೂ ಪಟ್ಟಿ. ಒಳಗೆ ಉಳಿದ ತುಣುಕು ತಾಮ್ರ ತುಕ್ಕು ಹಿಡಿಯುವುದಿಲ್ಲ, ಅಲ್ಲೇ ಹುದುಗಿಕೊಂಡಿರುತ್ತದೆ.

ಇದರಲ್ಲಿ ನನಗೆ ಇವತ್ತಿಗೂ ಜಾದೂ ಎನಿಸುವುದು ತಂತಿ ಬಿಗಿಯುವ ಆ ಅರ್ಧ ಗಂಟೆ. ನೆಲದ ಮೇಲೆ ಚಪ್ಪಟೆ ಬಿದ್ದಿರುವ ಹಲಗೆಗಳಲ್ಲಿ ದೋಣಿಯ ಸುಳಿವೇ ಇರುವುದಿಲ್ಲ. ಆದರೆ ಅವುಗಳ ಅಂಚುಗಳು ಒಂದಕ್ಕೊಂದು ಸಮಾನಾಂತರವಲ್ಲ. ತಳದ ಹಲಗೆಯ ಅಂಚಿನ ಬಾಗು ಒಂದು ತರಹ, ಪಕ್ಕದ್ದರ ಬಾಗು ಇನ್ನೊಂದು ತರಹ. ಬೇರೆ ಬೇರೆ ಬಾಗಿನ ಎರಡು ಅಂಚುಗಳನ್ನು ಬಲವಂತವಾಗಿ ಕೂಡಿಸಿದಾಗ ಹಲಗೆಗೆ ಬೇರೆ ದಾರಿಯಿಲ್ಲ, ಹೊಟ್ಟೆ ಉಬ್ಬಿಸಿ ಮೂತಿ ಎತ್ತಲೇಬೇಕು. ರವಿಕೆಯ ತೋಳನ್ನು ಕತ್ತರಿಸಿ ಹಾಸಿದಾಗ ಅದು ಯಾವ ಆಕಾರವೆಂದೇ ತಿಳಿಯುವುದಿಲ್ಲ, ಕಂಕುಳ ಸುತ್ತಿಗೆ ಕೂಡಿಸಿದಾಗ ಭುಜ ಬರುತ್ತದೆ. ಹಾಗೆಯೇ ಇದು. ಜಾಣತನವೆಲ್ಲ ಕತ್ತರಿಸುವ ಗೆರೆಯಲ್ಲಿದೆ. ಹೊಲಿಯುವವನಿಗೆ ಅದು ಗೊತ್ತಿರಬೇಕಿಲ್ಲ.

ಇಲ್ಲೇ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಮೊದಲು ಬಡಗಿಯ ಕಣ್ಣಿನಲ್ಲಿದ್ದ ವಿದ್ಯೆ ಈಗ ನಕ್ಷೆ ಬರೆದವನ ಕಾಗದಕ್ಕೆ ಹೋಯಿತು. ಗುಮಾಸ್ತನಿಗೆ ದೋಣಿ ಸಿಕ್ಕಿತು, ಸರಿ. ಆದರೆ ಅವನು ತನ್ನ ಮನಸ್ಸಿನ ದೋಣಿ ಕಟ್ಟಲಾರ, ಕಾಗದದಲ್ಲಿರುವುದನ್ನು ಮಾತ್ರ ಕಟ್ಟಬಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಆ 63 ಪೌಂಡ್ ಯಾವುದರ ಬೆಲೆ ಎಂದು ತಿಳಿದಿರಲಿ ಎಂದಷ್ಟೆ.

ಉದ್ದಕ್ಕೆ ಜೋಡಿಸುವ ಕತೆ ಬೇರೆ. ದೋಣಿ ಎಂಟಡಿಗಿಂತ ದೊಡ್ಡದಾದರೆ ಒಂದು ಹಾಳೆ ಸಾಲದು. ಎರಡು ಹಾಳೆಗಳ ತುದಿ ಕೂಡಿಸಿ ಹಿಂದಿನಿಂದ ಒಂದು ತುಂಡು ಅಂಟಿಸುವುದು ಸುಲಭದ ದಾರಿ, ಮಿರರ್‌ನದೂ ಅದೇ. ಆದರೆ ಬಾಗಿಸಿದಾಗ ಆ ತುಂಡು ಇರುವ ಜಾಗ ಬಾಗಲು ಒಪ್ಪುವುದಿಲ್ಲ. ಬಡಗಿಗಳ ದಾರಿ ಎಂದರೆ ಎರಡೂ ತುದಿಗಳನ್ನು ಇಳಿಜಾರಾಗಿ ಹೆರೆದು ಒಂದರ ಮೇಲೊಂದು ಕೂರಿಸಿ ಅಂಟಿಸುವುದು. ದಪ್ಪದ ಎಂಟರಷ್ಟು ಉದ್ದದ ಇಳಿಜಾರು ಬೇಕು. 6 ಮಿಲಿಮೀಟರಿಗೆ 48. ಹೆರೆದಾಗ ಪ್ಲೈವುಡ್ಡಿನ ಪದರಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಪಟ್ಟೆಗಳು ನೇರವಿದ್ದರೆ ಇಳಿಜಾರು ಸರಿ, ಅಲೆಅಲೆಯಾಗಿದ್ದರೆ ಕೈ ನಡುಗಿದೆ ಎಂದರ್ಥ. ತನ್ನ ತಪ್ಪನ್ನು ತಾನೇ ಬರೆದು ತೋರಿಸುವ ಇಂಥ ವಸ್ತು ಅನುವಾದಕರಿಗೆ ಸಿಗುವುದಿಲ್ಲ.

ಮುಂದೆ ಎಪಾಕ್ಸಿ ಬಂತು. ಅಮೆರಿಕದ ಮಿಶಿಗನ್ನಿನ ಗೂಜನ್ ಸೋದರರು ಎಪ್ಪತ್ತರ ದಶಕದಲ್ಲಿ ಅದನ್ನು ಮರದ ದೋಣಿಗೆ ಒಗ್ಗಿಸಿ 1979ರಲ್ಲಿ ಪುಸ್ತಕ ತಂದರು. ಪಾಲಿಯೆಸ್ಟರ್ ರಾಳ ಮರವನ್ನು ಅಷ್ಟಾಗಿ ಹಿಡಿಯುವುದಿಲ್ಲ, ವರ್ಷಗಳ ಮೇಲೆ ಪಟ್ಟಿ ಸುಲಿದು ಬರಬಹುದು. ಎಪಾಕ್ಸಿ ಹಿಡಿದರೆ ಹಿಡಿಯಿತು, ಕೀಳಲು ಹೋದರೆ ಮರವೇ ಕಿತ್ತುಬರುತ್ತದೆ. ಅದಕ್ಕೆ ಮರದ ನುಣುಪು ಹುಡಿ ಬೆರೆಸಿ ಹಿಟ್ಟಿನಂತೆ ಮಾಡಿ, ಒಳಮೂಲೆಗೆ ತುಂಬಿ, ಚಮಚದ ಬೆನ್ನಿನಿಂದ ಸವರಿದರೆ ಮೂಲೆ ದುಂಡಗಾಗುತ್ತದೆ. ಅದರ ಮೇಲೆ ಪಟ್ಟಿ. ಈಗ ತಂತಿಯ ಅಗತ್ಯವೇ ಇಲ್ಲ, ಎಳೆದು ತೆಗೆಯಬಹುದು. ಬರದಿದ್ದರೆ ಬೆಸುಗೆ ಹಾಕುವ ಕಾವಿನ ಕಡ್ಡಿ ಮುಟ್ಟಿಸಿದರೆ ಅಂಟು ಮೆತ್ತಗಾಗಿ ತಂತಿ ಜಾರಿ ಬರುತ್ತದೆ. ನನ್ನ ಕೈಪಿಡಿಯ ಹನ್ನೊಂದನೇ ಪುಟ ಹುಟ್ಟಿದ್ದು ಹೀಗೆ.

ಇಷ್ಟು ಹೊತ್ತಿಗೆ ಇದು ಹಣವೂ ಭಾನುವಾರವೂ ಇರುವವರ ಹವ್ಯಾಸದ ಕತೆ ಎಂದುಕೊಂಡಿದ್ದೆ. ಆದರೆ ಇದರ ಒಂದು ಕವಲು ನನ್ನ ರಾಜ್ಯದ, ಅಂದರೆ ಈಗ ನಾನಿರುವ ರಾಜ್ಯದ, ತುದಿಗೇ ಬಂದು ಮುಟ್ಟುತ್ತದೆ.

ಕನ್ಯಾಕುಮಾರಿ ಜಿಲ್ಲೆಯ ಮುಟ್ಟಮ್. ಎಪ್ಪತ್ತರ ದಶಕ ಮುಗಿಯುವಾಗ ಅಲ್ಲಿನ ಮೀನುಗಾರರಿಗೆ ಕಟ್ಟುಮರದ ದಿಮ್ಮಿ ಸಿಗುವುದು ಕಷ್ಟವಾಗುತ್ತಿತ್ತು, ಸಿಕ್ಕರೂ ದುಬಾರಿ. ಅರ್ಥಶಾಸ್ತ್ರಜ್ಞ ಶುಮಾಕರ್ 1966ರಲ್ಲಿ ಲಂಡನ್ನಿನಲ್ಲಿ ಕಟ್ಟಿದ, ಬಡವರಿಗೆ ಒಗ್ಗುವ ತಂತ್ರಜ್ಞಾನದ ಸಂಸ್ಥೆಯ ಮೂಲಕ ಎಡ್ವಿನ್ ಗಿಫರ್ಡ್ ಎಂಬ ಬ್ರಿಟಿಷ್ ಎಂಜಿನಿಯರ್ ಇಲ್ಲಿಗೆ ಪ್ಲೈವುಡ್ ಹೊಲಿಯುವ ವಿಧಾನವನ್ನು ತಂದರು. ಮುಟ್ಟಮ್‌ನ ದೋಣಿ ಕಟ್ಟುವ ಕೇಂದ್ರದಲ್ಲಿ ಬೆಲ್ಜಿಯಮ್ಮಿನ ಪಿಯೆರ್ ಜಿಲೆ ಸ್ಥಳೀಯ ಬಡಗಿಗಳೊಡನೆ, ಮೀನುಗಾರರೊಡನೆ ಸೇರಿ ಅದನ್ನು ಅಲೆಗೆ ಹೊಂದಿಸುತ್ತ ಹೋದರು. 1985ರಲ್ಲಿ ಅವರು ಬರೆದ ಪುಸ್ತಕದ ಹೆಸರು 'ಸ್ಮಾಲ್ ಈಸ್ ಡಿಫಿಕಲ್ಟ್'. ಶುಮಾಕರ್‌ನ ಹೆಸರಾಂತ ಪುಸ್ತಕ 'ಸ್ಮಾಲ್ ಈಸ್ ಬ್ಯೂಟಿಫುಲ್'. ಸಣ್ಣದು ಸುಂದರ ಎಂದ ಗುರುವಿಗೆ, ಸಣ್ಣದು ಕಷ್ಟವೂ ಹೌದು ಎಂದು ಮುಟ್ಟಮ್ಮಿನ ಮರಳಿನಿಂದ ಬಂದ ಉತ್ತರ.

ಕಷ್ಟ ಯಾಕೆಂದು ಊಹಿಸಬಹುದು. ಕಟ್ಟುಮರದಲ್ಲಿ ಸೋರುವುದು ಎಂಬುದೇ ಇಲ್ಲ, ನೀರು ದಿಮ್ಮಿಗಳ ನಡುವೆ ಬಂದು ನಡುವೆಯೇ ಹೋಗುತ್ತದೆ. ಮುಳುಗದ ವಾಹನದಲ್ಲಿ ಹುಟ್ಟಿ ಬೆಳೆದವರಿಗೆ ಮುಳುಗಬಹುದಾದ ವಾಹನ ಕೊಡುವಾಗ ಸಂದಿಯ ಮೇಲೆ ಪ್ರಾಣವೇ ನಿಂತಿರುತ್ತದೆ. ಇಂಗ್ಲೆಂಡಿನ ಗುಮಾಸ್ತನ ದೋಣಿ ವಾರಕ್ಕೊಮ್ಮೆ ಕೆರೆಗೆ ಇಳಿಯುತ್ತದೆ. ಮುಟ್ಟಮ್ಮಿನದು ದಿನಾ ಅಲೆಯನ್ನು ಸೀಳಿ ಹೋಗಿ, ದಿನಾ ಮರಳಿಗೆ ಬಂದು ಬಡಿದು, ದಿನಾ ಎಳೆಸಿಕೊಳ್ಳುತ್ತದೆ. ಮೊದಲು ಸವೆಯುವುದು ಅದೇ ತಳದ ಮೂಲೆ. ಪ್ಲೈವುಡ್ಡಿನ ಒಳಗಿನ ಅಂಟೂ ಅಷ್ಟೇ ಮುಖ್ಯ. ನಮ್ಮಲ್ಲಿ ದೋಣಿಯ ಪ್ಲೈವುಡ್ಡಿಗೆ ಐಎಸ್ 710 ಎಂಬ ಗುಣಮಟ್ಟವಿದೆ, ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅಂಗಡಿಯ ಮುದ್ರೆ ನಂಬದವರು ಒಂದು ಚೂರನ್ನು ಮನೆಯಲ್ಲೇ ಪಾತ್ರೆಗೆ ಹಾಕಿ ಕುದಿಸಿ ನೋಡುತ್ತಾರೆ. ಅಡುಗೆಮನೆಯವರ ಅನುಮತಿ ಬೇಕು, ಅಷ್ಟೆ.

ಆದರೂ ಅದು ಬೇರು ಬಿಟ್ಟಿತು. 1980ರಲ್ಲಿ ಹುಟ್ಟಿದ ದಕ್ಷಿಣ ಭಾರತದ ಮೀನುಗಾರ ಸಂಘಗಳ ಒಕ್ಕೂಟ ಕನ್ಯಾಕುಮಾರಿಯಿಂದ ಕೇರಳದ ದಕ್ಷಿಣ ಕರಾವಳಿಯವರೆಗೆ ತನ್ನದೇ ಕಟ್ಟೋಣಗಳಲ್ಲಿ ಇಂಥ ದೋಣಿ ಕಟ್ಟಿತು. ಹಿಂದೆ ಕಟ್ಟುವ ಸಣ್ಣ ಎಂಜಿನ್ನುಗಳು ಬಂದಾಗ ಪ್ಲೈವುಡ್ ದೋಣಿಗಳಿಗೆ ಬೇಡಿಕೆ ಏರಿತು. ಕೇರಳದ ಆ ಭಾಗದಲ್ಲಿ ಕತ್ತದಿಂದ ಹೊಲಿದ ವಳ್ಳಗಳು ಆಗ ಇನ್ನೂ ನೀರಿನಲ್ಲಿದ್ದವು. ಒಂದೇ ಮರಳಿನ ಮೇಲೆ ಎರಡು ಹೊಲಿಗೆಗಳು ಅಕ್ಕಪಕ್ಕ ಮಲಗಿದ್ದ ಆ ಕೆಲವು ವರ್ಷಗಳನ್ನು ನೋಡಬೇಕಿತ್ತು ಎನಿಸುತ್ತದೆ. ಒಂದರದು ಕಣ್ಣಿಗೆ ಕಾಣುವ ಹೊಲಿಗೆ, ಕೊಳೆತರೆ ಬಿಚ್ಚಿ ಮತ್ತೆ ಹಾಕಬಹುದಾದದ್ದು. ಇನ್ನೊಂದರ ಹೊಲಿಗೆ ಕಾಣುವುದೇ ಇಲ್ಲ, ಮೂಲೆ ಒಡೆದರೆ ಮತ್ತೆ ರಾಳ ಕೊಳ್ಳಬೇಕು, ಪಟ್ಟಿ ಕೊಳ್ಳಬೇಕು. ಹಗ್ಗ ಮನೆಯ ಹೆಂಗಸರ ಕೈಯಲ್ಲಿ ಹೊಸೆದದ್ದು, ರಾಳ ಡಬ್ಬಿಯಲ್ಲಿ ಬರುವಂಥದ್ದು. ಕಾಲಕ್ರಮದಲ್ಲಿ ಪ್ಲೈವುಡ್ಡೂ ಹಿಂದೆ ಸರಿಯಿತು. 2004ರ ಸುನಾಮಿಯ ನಂತರ ಪರಿಹಾರವಾಗಿ ಬಂದದ್ದು ಹೆಚ್ಚಾಗಿ ಅಚ್ಚಿನಲ್ಲಿ ಎರೆದ ಫೈಬರ್ ದೋಣಿಗಳು. ಅವುಗಳಲ್ಲಿ ಹಲಗೆ ಜೋಡಿಸುವ ಮಾತೇ ಇಲ್ಲ.

ಹಳೆಯ ಹೊಲಿಗೆಯಾದರೋ ಈಗ ಗೌರವದ ಸ್ಥಾನದಲ್ಲಿದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಪೂರ್ತಿ ಕತ್ತದಿಂದ ಹೊಲಿದ ಹಡಗು. ಅಜಂತಾದ ಐದನೇ ಶತಮಾನದ ಚಿತ್ರದಲ್ಲಿರುವ ಹಡಗು ಅದಕ್ಕೆ ಮಾದರಿ, ಹೊಲಿದದ್ದು ಕೇರಳದ ಬಾಬು ಶಂಕರನ್ ಮತ್ತು ಅವರ ತಂಡ. ಹಾಯಿಯ ಮೇಲೆ ಗಂಡಭೇರುಂಡವಿದೆ. ಆ ಹೊಲಿಗೆಯನ್ನು ಯಾರೂ ಬಿಚ್ಚುವುದಿಲ್ಲ.

ಕರಡಿಗೆ ಮರಳಿದೆ. ಸಮಸ್ಯೆ ಒಂದು ಪದದ್ದು. 'ಹೊಲಿಗೆ' ಎಂದಾಗ ಕರಾವಳಿಯ ಬಡಗಿಗೆ ಕಾಣುವುದು ದೋಣಿಯ ಜೀವ. ನನಗೆ ಬೇಕಾದದ್ದು ಕೆಲಸ ಮುಗಿಯುವ ತನಕ ಹಿಡಿದು ನಿಲ್ಲಿಸುವ ಹೊಲಿಗೆ. 'ತಂತಿ ಕಟ್ಟು' ಎಂದು ಬರೆದು ನೋಡಿದೆ, ಬೇಲಿಯ ನೆನಪಾಯಿತು. 'ತಾತ್ಕಾಲಿಕ ಜೋಡಣೆ' ಎಂದು ಬರೆದೆ, ಸರಕಾರಿ ಸುತ್ತೋಲೆಯ ವಾಸನೆ ಬಂತು. ಕೊನೆಗೆ ನೆನಪಾದದ್ದು ನನ್ನ ಸೋದರತ್ತೆ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ರವಿಕೆಗೆ ತೋಳು ಕೂಡಿಸುವ ಮೊದಲು ಬಿಳಿ ದಾರದಲ್ಲಿ ದೂರದೂರ ಕಚ್ಚಾ ಹೊಲಿಗೆ ಹಾಕಿ, ಯಂತ್ರದ ಹೊಲಿಗೆ ಬಿದ್ದ ಮೇಲೆ ಸೂಜಿಯ ತುದಿಯಿಂದ ಆ ದಾರವನ್ನು ಎಳೆದು ತೆಗೆಯುತ್ತಿದ್ದರು. ನೆಲದ ತುಂಬ ಬಿಳಿ ದಾರದ ತುಣುಕು.

"ತಂತಿಯಿಂದ ಕಚ್ಚಾ ಹೊಲಿಗೆ ಹಾಕಿ. ಅಂಟು ಗಟ್ಟಿಯಾದ ಮೇಲೆ ಕಚ್ಚಾ ಹೊಲಿಗೆ ತೆಗೆಯಿರಿ. ಇನ್ನು ದೋಣಿಯನ್ನು ಹಿಡಿದಿರುವುದು ಅಂಟು." ಹೀಗೆ ತಿದ್ದಿ ಕಳಿಸಿದೆ. ಮೂರನೆಯ ವಾಕ್ಯ ಮೂಲದಲ್ಲಿ ಇರಲಿಲ್ಲ, ಅದು ಪೆನ್ಸಿಲ್ಲಿನ ಪ್ರಶ್ನೆಗಾಗಿ ನಾನೇ ಸೇರಿಸಿದ್ದು.

ಹತ್ತು ದಿನಕ್ಕೆ ಕರಡು ಮತ್ತೆ ಬಂತು. ಆ ಸಾಲಿನ ಪಕ್ಕ ಸಣ್ಣದೊಂದು ಸರಿ ಗುರುತು. ಅದರ ಕೆಳಗೆ, ಅದೇ ಪೆನ್ಸಿಲ್ಲಿನಲ್ಲಿ: "ಸರಿ. ತಂತಿ ತೆಗೆದ ತೂತು ಯಾರು ಮುಚ್ಚುದು? ಅದನ್ನೂ ಬರೀರಿ."

ಮೂಲದ ನಲವತ್ತೂ ಪುಟ ಹುಡುಕಿದೆ. ತೂತು ಮುಚ್ಚುವ ಮಾತು ಎಲ್ಲಿಯೂ ಇರಲಿಲ್ಲ.